ಡೇಟಾ ಅನಾಲಿಟಿಕ್ಸ್‌ಗೆ ಸಲಹೆಗಾರರನ್ನು ಕರೆಯುವ ಮೊದಲು: ರಿಸರ್ವ್ ಬ್ಯಾಂಕ್ ಏನು ಕೇಳಿತು, ನಾವೇನು ಕೇಳಬೇಕು

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಲೋಕಲ್ ಟ್ರೇನಿನಲ್ಲಿ ಓದಿಕೊಂಡು ಹೋಗುವವರು ಇದನ್ನೇ ಓದಬಹುದು. ವಿಡಿಯೋದಲ್ಲಿ ಅವಸರದಲ್ಲಿ ದಾಟಿಸಿದ ಒಂದೆರಡು ವಿಷಯಗಳನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ.

ನಾನು ಮುಂಬಯಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಎಂಟೆಕ್ ಮುಗಿಸಿ ಬಂದಾಗಿನಿಂದ ಹೆಚ್ಚುಕಮ್ಮಿ ಡೇಟಾದ ಕೆಲಸವನ್ನೇ ಮಾಡ್ತಿದ್ದೀನಿ. ಬೇರೆ ಬೇರೆ ಸಿಸ್ಟಂಗಳಿಂದ ಮಾಹಿತಿ ತರೋದು, ತೊಳೆಯೋದು, ಒಂದು ಕಡೆ ಕೂಡಿಸೋದು. ಹೀಗಾಗಿ ಪರಿಚಯದವರು ಪದೇ ಪದೇ ಕೇಳುವ ಪ್ರಶ್ನೆ ಒಂದೇ. "ನಮ್ಮ ಕಂಪನಿಯಲ್ಲಿ ಡೇಟಾ ಅನಾಲಿಟಿಕ್ಸ್ ಶುರು ಮಾಡಬೇಕು ಅಂತಿದ್ದಾರೆ. ಯಾರನ್ನ ಕೇಳೋದು? ಎಷ್ಟು ಖರ್ಚಾಗತ್ತೆ?" ಕೇಳುವವರಲ್ಲಿ ಅಂಧೇರಿಯ ಸಣ್ಣ ಕಂಪನಿಯವರೂ ಇದ್ದಾರೆ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ದೊಡ್ಡ ಕಚೇರಿಯವರೂ ಇದ್ದಾರೆ, ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಕರಾವಳಿಯವರೂ ಇದ್ದಾರೆ.

"ಯಾರನ್ನ ಕೇಳೋದು" ಅನ್ನೋದು ನಿಜಕ್ಕೂ ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ "ಏನನ್ನ ಕೇಳೋದು". ಇದನ್ನ ಬರೀ ಉಪದೇಶದ ಹಾಗೆ ಹೇಳಿದರೆ ತಲೆಗೆ ಹೋಗಲ್ಲ. ಅದಕ್ಕೇ ನಮ್ಮ ಊರಲ್ಲೇ ನಡೆದ, ಎಲ್ಲರಿಗೂ ಗೊತ್ತಿರುವ ಎರಡು ಸಂಗತಿಗಳನ್ನ ತಗೊಂಡು ನೋಡೋಣ. ಒಂದು ಭಾರತೀಯ ರಿಸರ್ವ್ ಬ್ಯಾಂಕಿನದು, ಇನ್ನೊಂದು ಭಾಂಡುಪ್‌ನಲ್ಲಿ ಮುಖ್ಯ ಕಚೇರಿ ಇದ್ದ ಒಂದು ಸಹಕಾರಿ ಬ್ಯಾಂಕಿನದು.

ರಿಸರ್ವ್ ಬ್ಯಾಂಕೇ ಸಲಹೆಗಾರರನ್ನ ಕರೆದಾಗ

2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಪ್ರಕಟಣೆ ಹೊರಡಿಸಿತು. ಬ್ಯಾಂಕುಗಳ ಮೇಲ್ವಿಚಾರಣೆಗೆ ಸುಧಾರಿತ ಅನಾಲಿಟಿಕ್ಸ್, ಕೃತಕ ಬುದ್ಧಿಮತ್ತೆ, ಮಷೀನ್ ಲರ್ನಿಂಗ್ ಬಳಸಬೇಕು, ಅದಕ್ಕೆ ಸಲಹೆಗಾರ ಸಂಸ್ಥೆಗಳು ಆಸಕ್ತಿ ಇದ್ದರೆ ಮುಂದೆ ಬನ್ನಿ ಅಂತ. ಮುಂದಿನ ಸುತ್ತಿಗೆ ಏಳು ಸಂಸ್ಥೆಗಳು ಆಯ್ಕೆಯಾದವು. 2023ರಲ್ಲಿ ಮೆಕಿನ್ಸೆ ಮತ್ತು ಆಕ್ಸೆಂಚರ್‌ಗೆ ಕೆಲಸ ಸಿಕ್ಕಿತು. ಮೊತ್ತ ಸುಮಾರು 91 ಕೋಟಿ ರೂಪಾಯಿ. ಕರೆದದ್ದರಿಂದ ಹಿಡಿದು ಆಯ್ಕೆ ಮುಗಿಯುವವರೆಗೆ ಹತ್ತಿರ ಹತ್ತಿರ ಒಂದು ವರ್ಷ.

ಇಲ್ಲಿ ಗಮನಿಸಬೇಕಾದ್ದು ದುಡ್ಡಿನ ಮೊತ್ತ ಅಲ್ಲ. ಆ ಪ್ರಕಟಣೆಯಲ್ಲೇ ರಿಸರ್ವ್ ಬ್ಯಾಂಕ್ ಒಂದು ಮಾತು ಹೇಳಿತ್ತು: ನಮ್ಮ ಮೇಲ್ವಿಚಾರಣಾ ಇಲಾಖೆ ಈಗಾಗಲೇ ಕೆಲವು ಮಾದರಿಗಳನ್ನ ತಾನೇ ಕಟ್ಟಿ ಬಳಸ್ತಿದೆ, ಇನ್ನು ಅದನ್ನ ವಿಸ್ತರಿಸಬೇಕು. ಅಂದರೆ "ನಮಗೆ ಏನೂ ಗೊತ್ತಿಲ್ಲ, ನೀವೇ ಬಂದು ಹೇಳಿ" ಅಂತ ಕರೆದದ್ದಲ್ಲ. ಮನೆ ಕಟ್ಟಿಸುವಾಗ ಸೈಟು ಯಾವುದು, ಎಷ್ಟು ಜನ ಇರ್ತಾರೆ, ಬಾವಿ ಎಲ್ಲಿದೆ ಅಂತ ಗೊತ್ತಿಟ್ಟುಕೊಂಡು ಎಂಜಿನಿಯರನ್ನ ಕರೆದ ಹಾಗೆ.

ಅದರ ಹಿಂದಿನ ಹನ್ನೆರಡು ವರ್ಷ

ಈ ಸಿದ್ಧತೆ ಎಲ್ಲಿಂದ ಬಂತು ಅಂತ ನೋಡಿದರೆ 2010ಕ್ಕೆ ಹೋಗಬೇಕು. ಆ ವರ್ಷ ರಿಸರ್ವ್ ಬ್ಯಾಂಕ್ "ಆಟೊಮೇಟೆಡ್ ಡೇಟಾ ಫ್ಲೋ" ಅನ್ನುವ ಒಂದು ದಾರಿಪತ್ರ ಪ್ರಕಟಿಸಿತು. ಅದರ ಸಾರ ಸರಳ. ಬ್ಯಾಂಕುಗಳು ರಿಸರ್ವ್ ಬ್ಯಾಂಕಿಗೆ ಕಳಿಸುವ ವರದಿಗಳು ಅವುಗಳ ಸಿಸ್ಟಂನಿಂದ ನೇರವಾಗಿ ಹೊರಬರಬೇಕು, ನಡುವೆ ಯಾರೂ ಎಕ್ಸೆಲ್ ತೆರೆದು ಕೈಯಾಡಿಸಬಾರದು. ಇದನ್ನ ಒಮ್ಮೆಲೇ ಮಾಡಿ ಅಂತ ಹೇಳಲಿಲ್ಲ. ಪ್ರತಿ ಬ್ಯಾಂಕು ಮೊದಲು ತನ್ನನ್ನೇ ಅಳೆದುಕೊಳ್ಳಬೇಕಿತ್ತು: ತಂತ್ರಜ್ಞಾನದಲ್ಲಿ ಎಲ್ಲಿದ್ದೀವಿ, ಕೆಲಸದ ಕ್ರಮದಲ್ಲಿ ಎಲ್ಲಿದ್ದೀವಿ ಅಂತ.

2014ರಲ್ಲಿ ದೊಡ್ಡ ಸಾಲಗಳ ಕೇಂದ್ರ ಭಂಡಾರ ಬಂತು, ಕ್ರಿಲ್ಕ್ ಅಂತ ಕರೀತಾರೆ. 5 ಕೋಟಿ ಮತ್ತು ಅದಕ್ಕೂ ಹೆಚ್ಚು ಸಾಲ ಇರುವವರ ಮಾಹಿತಿಯನ್ನ ಬ್ಯಾಂಕುಗಳು ಅಲ್ಲಿಗೆ ಕೊಡಬೇಕು. 2019ರ ನವೆಂಬರ್‌ನಲ್ಲಿ ಬೇರೆ ಬೇರೆ ಇದ್ದ ಮೇಲ್ವಿಚಾರಣಾ ಇಲಾಖೆಗಳು ಒಂದಾದವು. 2022ರ ಅಕ್ಟೋಬರ್‌ನಲ್ಲಿ "ದಕ್ಷ್" ಅನ್ನುವ ಮೇಲ್ವಿಚಾರಣಾ ವ್ಯವಸ್ಥೆ ಶುರುವಾಯಿತು. 2023ರ ಜೂನ್ 30ರಂದು "ಸಿಮ್ಸ್" ಅನ್ನುವ ಹೊಸ ಕೇಂದ್ರೀಕೃತ ಮಾಹಿತಿ ವ್ಯವಸ್ಥೆ ಬಂತು.

ಈ ಪಟ್ಟಿ ಯಾಕೆ ಕೊಟ್ಟೆ ಅಂದರೆ, ಕ್ರಮ ನೋಡಿ. ಮೊದಲು ಮಾಹಿತಿ ಬರುವ ದಾರಿ. ಆಮೇಲೆ ಅದನ್ನ ಇಡುವ ಜಾಗ. ಆಮೇಲೆ ಅದನ್ನ ನೋಡುವ ಜನ ಒಂದೇ ಸೂರಿನಡಿ. ಇವೆಲ್ಲ ಅರ್ಧಕ್ಕಿಂತ ಹೆಚ್ಚು ಆದ ಮೇಲೆ ಮಷೀನ್ ಲರ್ನಿಂಗ್ ಸಲಹೆಗಾರರು. ಬಹಳಷ್ಟು ಕಂಪನಿಗಳು ಇದೇ ಪಟ್ಟಿಯನ್ನ ಕೆಳಗಿನಿಂದ ಮೇಲಕ್ಕೆ ಓದ್ತವೆ. ಮೊದಲು ಮಷೀನ್ ಲರ್ನಿಂಗ್ ಬೇಕು, ಮಾಹಿತಿಯ ವಿಷಯ ಆಮೇಲೆ ನೋಡೋಣ ಅಂತ.

ಭಾಂಡುಪ್‌ನ ಕಥೆ: ಮಾಹಿತಿ ಸುಳ್ಳಾದರೆ ಮಾದರಿ ಏನು ಮಾಡೀತು?

ಮಾಹಿತಿ ಆಮೇಲೆ ಅಂದರೆ ಏನಾಗತ್ತೆ ಅನ್ನೋದಕ್ಕೆ ಮುಂಬಯಿಯವರಿಗೆ ಬೇರೆ ಉದಾಹರಣೆ ಬೇಕಿಲ್ಲ. ಪಂಜಾಬ್ ಅಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕ್, ಅಂದರೆ ಪಿಎಂಸಿ ಬ್ಯಾಂಕ್. 2019ರ ಸೆಪ್ಟೆಂಬರ್ 23ರಂದು ರಿಸರ್ವ್ ಬ್ಯಾಂಕ್ ಅದರ ಮೇಲೆ ನಿರ್ಬಂಧ ಹಾಕಿತು. ಮೊದಲ ಆದೇಶದ ಪ್ರಕಾರ ಖಾತೆದಾರರು ತೆಗೆಯಬಹುದಾಗಿದ್ದ ಮೊತ್ತ ಬರೀ 1,000 ರೂಪಾಯಿ, ಅದೂ ಆರು ತಿಂಗಳಿಗೆ. ಆಮೇಲೆ ಅದನ್ನ ಹಂತ ಹಂತವಾಗಿ 1 ಲಕ್ಷದವರೆಗೆ ಏರಿಸಿದರು. ಆಗ ಆ ಬ್ಯಾಂಕಿನಲ್ಲಿ 9 ಲಕ್ಷಕ್ಕೂ ಹೆಚ್ಚು ಠೇವಣಿದಾರರಿದ್ದರು. ನಿವೃತ್ತಿಯ ದುಡ್ಡು, ಮಗಳ ಮದುವೆಯ ದುಡ್ಡು, ಹೌಸಿಂಗ್ ಸೊಸೈಟಿಗಳ ದುಡ್ಡು ಎಲ್ಲ ಅಲ್ಲೇ ಸಿಕ್ಕಿಹಾಕಿಕೊಂಡಿತು. 2022ರ ಜನವರಿಯಲ್ಲಿ ಅದು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನವಾಯಿತು. 5 ಲಕ್ಷಕ್ಕಿಂತ ಹೆಚ್ಚು ಇಟ್ಟಿದ್ದವರಿಗೆ ಉಳಿದ ದುಡ್ಡು ಕಂತುಗಳಲ್ಲಿ, 10 ವರ್ಷದವರೆಗೆ ಕಾಯುವ ಯೋಜನೆ.

ಇದಕ್ಕೂ ಡೇಟಾಗೂ ಏನು ಸಂಬಂಧ? ಬ್ಯಾಂಕಿನ ಸಾಲದಲ್ಲಿ ಸುಮಾರು ಶೇಕಡಾ 73ರಷ್ಟು ಒಂದೇ ರಿಯಲ್ ಎಸ್ಟೇಟ್ ಗುಂಪಿಗೆ, ಎಚ್‌ಡಿಐಎಲ್‌ಗೆ ಹೋಗಿತ್ತು. ಅದನ್ನ ಮುಚ್ಚಿಡಲು ರಿಸರ್ವ್ ಬ್ಯಾಂಕಿಗೆ ಕೊಟ್ಟ ಸಾಲದ ಪಟ್ಟಿಯಲ್ಲಿ 21,049 ಸುಳ್ಳು ಖಾತೆಗಳನ್ನ ತೋರಿಸಲಾಗಿತ್ತು ಅಂತ ಪೊಲೀಸ್ ದೂರಿನಲ್ಲಿ ದಾಖಲಾಗಿದೆ. ಆ ಖಾತೆಗಳು ಪಟ್ಟಿಯಲ್ಲಿ ಇದ್ದವೇ ಹೊರತು ಬ್ಯಾಂಕಿನ ಕೋರ್ ಬ್ಯಾಂಕಿಂಗ್ ಸಿಸ್ಟಂನಲ್ಲಿ ಇರಲಿಲ್ಲ ಅನ್ನೋದು ಆಗ ಹೊರಬಂದ ವಿಷಯ.

ಈಗ ಒಬ್ಬ ಎಂಜಿನಿಯರ್ ಆಗಿ ಯೋಚನೆ ಮಾಡಿ. ಆ ಪಟ್ಟಿಯನ್ನ ನನ್ನ ಕೈಗೆ ಕೊಟ್ಟು, ಎಷ್ಟೇ ಒಳ್ಳೆಯ ಅಪಾಯ ಅಳೆಯುವ ಮಾದರಿ ಓಡಿಸು ಅಂದಿದ್ದರೆ ಏನು ಉತ್ತರ ಬರ್ತಿತ್ತು? ಒಬ್ಬನೇ ದೊಡ್ಡ ಸಾಲಗಾರನ ಜಾಗದಲ್ಲಿ ಇಪ್ಪತ್ತೊಂದು ಸಾವಿರ ಸಣ್ಣ ಸಾಲಗಾರರು. ಮಾದರಿಯ ಲೆಕ್ಕದಲ್ಲಿ ಇದು ಬಹಳ ಒಳ್ಳೆಯ ಬ್ಯಾಂಕು! ಅಪಾಯ ಹಂಚಿಹೋಗಿದೆ, ಯಾರೊಬ್ಬರ ಮೇಲೂ ಅವಲಂಬನೆ ಇಲ್ಲ ಅಂತ ಹಸಿರು ದೀಪ ತೋರಿಸ್ತಿತ್ತು. ಪಟ್ಟಿಯೊಳಗೆ ಎಷ್ಟು ಹುಡುಕಿದರೂ ಪಟ್ಟಿಯೇ ಸುಳ್ಳು ಅಂತ ತಿಳಿಯೋದು ಬಲು ಕಷ್ಟ.

ಹಿಡಿಯಬಹುದಾಗಿದ್ದದ್ದು ಒಂದು ಸಾದಾ ಹೋಲಿಕೆ. ವರದಿಯಲ್ಲಿರುವ ಪ್ರತಿ ಖಾತೆ ಮೂಲ ಸಿಸ್ಟಂನಲ್ಲಿ ಇದೆಯಾ? ಇದೆ ಅಂದರೆ ಅದಕ್ಕೆ ಪ್ಯಾನ್ ಇದೆಯಾ, ದುಡ್ಡು ಹೋದ ದಾಖಲೆ ಇದೆಯಾ, ಒಂದಾದರೂ ಕಂತು ಬಂದಿದೆಯಾ? ಇದಕ್ಕೆ ಮಷೀನ್ ಲರ್ನಿಂಗ್ ಬೇಡ. ಎರಡು ಟೇಬಲ್ ಜೋಡಿಸುವ ಹತ್ತು ಸಾಲಿನ ಎಸ್‌ಕ್ಯೂಎಲ್ ಸಾಕು. ಆದರೆ ಆ ಹತ್ತು ಸಾಲು ಬರೆಯೋಕೆ ಎರಡೂ ಟೇಬಲ್‌ಗಳು ಬೇರೆ ಬೇರೆ ದಾರಿಯಿಂದ, ಒಬ್ಬರದೇ ಕೈ ಹಾಯದೆ ಬರಬೇಕು. 2010ರ ದಾರಿಪತ್ರ "ನಡುವೆ ಕೈಯಾಡಿಸಬಾರದು" ಅಂದದ್ದರ ಬೆಲೆ ಇಲ್ಲಿ ಗೊತ್ತಾಗತ್ತೆ. ಕ್ರಿಲ್ಕ್ ಕೂಡ ಆಗ ನಗರ ಸಹಕಾರಿ ಬ್ಯಾಂಕುಗಳಿಗೆ ಅನ್ವಯಿಸ್ತಿರಲಿಲ್ಲ. ಪಿಎಂಸಿ ಪ್ರಕರಣದ ನಂತರ, 2019ರ ಡಿಸೆಂಬರ್‌ನಲ್ಲಿ, 500 ಕೋಟಿ ಮತ್ತು ಅದಕ್ಕಿಂತ ಹೆಚ್ಚು ಆಸ್ತಿ ಇರುವ ನಗರ ಸಹಕಾರಿ ಬ್ಯಾಂಕುಗಳನ್ನೂ ಅದರೊಳಗೆ ತಂದರು.

ಹಾಗಾಗಿ ಸಲಹೆಗಾರರು ಬಂದು ಮೊದಲ ಸಭೆಯಲ್ಲೇ ಮಾದರಿಗಳ ಬಗ್ಗೆ ಸ್ಲೈಡ್ ತೋರಿಸಿದರೆ, ನೀವು ಕೇಳಬೇಕಾದ ಪ್ರಶ್ನೆ: "ನಮ್ಮ ಮಾಹಿತಿ ನಿಜ ಅಂತ ನೀವು ಹೇಗೆ ಪರೀಕ್ಷೆ ಮಾಡ್ತೀರಿ?"

ಪೂಜಾರಿಯವರು ಒಬ್ಬರೋ, ನಾಲ್ವರೋ?

ಎಲ್ಲ ತಪ್ಪೂ ಮೋಸದಿಂದ ಬರಲ್ಲ. ಹೆಚ್ಚಿನವು ಸಾದಾ ಕಾರಣಕ್ಕೆ ಬರ್ತವೆ. ನಮ್ಮ ಜನರ ಹೆಸರಿನಿಂದಲೇ ಒಂದು ಉದಾಹರಣೆ ಕೊಡ್ತೀನಿ.

ಉಡುಪಿ ಕಡೆಯಿಂದ ಬಂದ ಒಬ್ಬ ಪೂಜಾರಿಯವರು ಅಂತಿಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ "ಪೂಜಾರಿ" ಬರೆಯುವಾಗ ಕೊನೆಗೆ ಕೆಲವರು ಐ ಹಾಕ್ತಾರೆ, ಕೆಲವರು ವೈ. ಮೊದಲ ದೀರ್ಘಕ್ಕೆ ಕೆಲವರು ಎರಡು ಓ, ಕೆಲವರು ಒಂದು ಯು. ಇಷ್ಟಕ್ಕೇ ನಾಲ್ಕು ಬಗೆ ಆಯಿತು. ಊರಿನ ಶಾಲೆಯ ದಾಖಲೆಯಲ್ಲಿ ಹೆಸರಿನ ಜೊತೆ ಇನಿಷಿಯಲ್. ಮುಂಬಯಿಯ ಫಾರ್ಮಿನಲ್ಲಿ ಮೊದಲು ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು ಬೇಕು. ಅಡ್ಡಹೆಸರೇ ಇಲ್ಲದವರು ಊರಿನ ಹೆಸರನ್ನೋ ಅಪ್ಪನ ಹೆಸರನ್ನೋ ತುಂಬ್ತಾರೆ. ಹೀಗೆ ಮುಲುಂಡ್ ಶಾಖೆಯ ಉಳಿತಾಯ ಖಾತೆ, ಠಾಣೆ ಶಾಖೆಯ ಹೋಟೆಲ್ ಸಾಲ, ಹೆಂಡತಿ ಜೊತೆಗಿನ ಜಂಟಿ ಠೇವಣಿ, ಹಳೆಯ ಲಾಕರು, ಇವೆಲ್ಲ ಒಬ್ಬರದೇ ಆದರೂ ಸಿಸ್ಟಂ ಕಣ್ಣಿಗೆ ನಾಲ್ಕು ಜನ.

ಈಗ ಮಂಡಳಿಯ ಸಭೆಯಲ್ಲಿ "ನಮಗೆ ಎಷ್ಟು ಗ್ರಾಹಕರಿದ್ದಾರೆ" ಅಂತ ಯಾರಾದರೂ ಕೇಳಿದರೆ ಮೂರು ವಿಭಾಗದವರು ಮೂರು ಸಂಖ್ಯೆ ಹೇಳ್ತಾರೆ. ಮೂವರೂ ಸುಳ್ಳು ಹೇಳ್ತಿಲ್ಲ. ಒಬ್ಬರು ಖಾತೆ ಎಣಿಸಿದರು, ಇನ್ನೊಬ್ಬರು ಪ್ಯಾನ್ ಎಣಿಸಿದರು, ಮತ್ತೊಬ್ಬರು ಮೊಬೈಲ್ ನಂಬರ್ ಎಣಿಸಿದರು. ಹೊರಗಿನಿಂದ ಬಂದ ಸಲಹೆಗಾರರಿಗೆ ಹೆಸರು ಹೋಲಿಸುವ ತಂತ್ರ ಗೊತ್ತಿರತ್ತೆ. ಆದರೆ ಐ ಮತ್ತು ವೈ ಒಂದೇ, ಈ ಇನಿಷಿಯಲ್ ಆ ಅಪ್ಪನ ಹೆಸರು ಅಂತ ಗೊತ್ತಿರೋದು ಕೌಂಟರಿನಲ್ಲಿ ಇಪ್ಪತ್ತು ವರ್ಷ ಕೂತ ನಿಮ್ಮ ಸಿಬ್ಬಂದಿಗೆ. ಇಬ್ಬರನ್ನೂ ಒಂದೇ ಮೇಜಿನ ಎದುರು ಕೂರಿಸದೆ ಈ ಕೆಲಸ ಆಗಲ್ಲ.

ಮುಂಬಯಿಯಲ್ಲಿ ಕರಾವಳಿಯವರು ಕಟ್ಟಿದ ಬ್ಯಾಂಕುಗಳ ಪರಂಪರೆಯೇ ಇದೆ. ಶಾಮರಾವ್ ವಿಠ್ಠಲ್ ಬ್ಯಾಂಕ್ 1906ರದ್ದು, ಬಿಲ್ಲವರ ಅಸೋಸಿಯೇಶನ್‌ನಿಂದ ಹುಟ್ಟಿದ ಭಾರತ್ ಕೋ-ಆಪರೇಟಿವ್ ಬ್ಯಾಂಕ್ 1978ರದ್ದು. ಇಂಥ ಸಂಸ್ಥೆಗಳ ದೊಡ್ಡ ಬಂಡವಾಳ ಅಂದರೆ ಗ್ರಾಹಕರ ಪರಿಚಯ. ಆ ಪರಿಚಯ ಸಿಬ್ಬಂದಿಯ ತಲೆಯಲ್ಲಷ್ಟೇ ಇದ್ದರೆ ಅವರು ನಿವೃತ್ತರಾದ ದಿನ ಅದೂ ಹೊರಟುಹೋಗತ್ತೆ. ಅದನ್ನ ಡೇಟಾ ಆಗಿ ಇಳಿಸೋದು ಅನಾಲಿಟಿಕ್ಸ್‌ನ ಮೊದಲ ಕೆಲಸ.

ಪರಿಣತರಲ್ಲಿ ಮೂರು ಬಗೆ

"ಎಕ್ಸ್‌ಪರ್ಟ್" ಅಂದಾಗ ನಾವು ಎಲ್ಲರನ್ನೂ ಒಂದೇ ಗಂಟು ಕಟ್ತೀವಿ. ಕನಿಷ್ಠ ಮೂರು ಬಗೆ ಇದ್ದಾರೆ.

ಮೊದಲನೆಯವರು ಸಲಹಾ ಸಂಸ್ಥೆಯವರು. ಹತ್ತು ಕಂಪನಿ ನೋಡಿರ್ತಾರೆ, ಯೋಜನೆ ಹಾಕೋದು, ಬೇರೆ ಬೇರೆ ವಿಭಾಗಗಳನ್ನ ಒಪ್ಪಿಸೋದು ಅವರಿಗೆ ಚೆನ್ನಾಗಿ ಬರತ್ತೆ. ಒಪ್ಪಂದ ಮುಗಿದ ದಿನ ಹೋಗ್ತಾರೆ.

ಎರಡನೆಯವರು ಸಾಫ್ಟ್‌ವೇರ್ ಮಾರುವವರು. ಅವರ ಸಲಹೆ ಉಚಿತ. ಆದರೆ ಯಾವ ಪ್ರಶ್ನೆ ಕೇಳಿದರೂ ಉತ್ತರ ಅವರ ಸಾಫ್ಟ್‌ವೇರೇ ಆಗಿರತ್ತೆ. ಬೇಡ ಅಂತಲ್ಲ, ಅದನ್ನ ಸಲಹೆ ಅಂದುಕೊಳ್ಳದೆ ಕೊಟೇಶನ್ ಅಂದುಕೊಂಡು ಕೇಳಿಸಿಕೊಳ್ಳಿ.

ಮೂರನೆಯವರು ವಿದ್ವಾಂಸರು, ಸಂಶೋಧಕರು. ಮಾರೋದಕ್ಕೆ ಅವರ ಹತ್ತಿರ ಏನೂ ಇಲ್ಲ. ರಿಸರ್ವ್ ಬ್ಯಾಂಕ್ ಇವರನ್ನೂ ಬಳಸಿಕೊಂಡಿತು. ಹಣಕಾಸು ವಲಯದಲ್ಲಿ ಕೃತಕ ಬುದ್ಧಿಮತ್ತೆಯ ಜವಾಬ್ದಾರಿಯುತ ಬಳಕೆ ಹೇಗಿರಬೇಕು ಅಂತ ಹೇಳಲು 2024ರ ಡಿಸೆಂಬರ್‌ನಲ್ಲಿ ಒಂದು ಸಮಿತಿ ಮಾಡಿತು. ಅಧ್ಯಕ್ಷರು ಪವಾಯಿಯ ಐಐಟಿ ಬಾಂಬೆಯ ಪ್ರೊ. ಪುಷ್ಪಕ್ ಭಟ್ಟಾಚಾರ್ಯ. 2025ರ ಆಗಸ್ಟ್‌ನಲ್ಲಿ ವರದಿ ಬಂತು, ಅದರಲ್ಲಿ 26 ಶಿಫಾರಸುಗಳಿವೆ. ಅದಕ್ಕಾಗಿ ಮಾಡಿದ ಸಮೀಕ್ಷೆಯಲ್ಲಿ 612 ಸಂಸ್ಥೆಗಳಲ್ಲಿ ಸುಮಾರು ಶೇಕಡಾ 21ರಷ್ಟು ಮಾತ್ರ ಇಂಥ ವ್ಯವಸ್ಥೆ ಬಳಸ್ತಿದ್ದವು ಅಥವಾ ಕಟ್ತಿದ್ದವು. "ಎಲ್ಲರೂ ಮಾಡ್ತಿದ್ದಾರೆ, ನಾವೇ ಹಿಂದುಳಿದಿದ್ದೀವಿ" ಅಂತ ನಿಮ್ಮ ಬಾಸ್ ಗಾಬರಿ ಬಿದ್ದರೆ ಈ ಸಂಖ್ಯೆ ತೋರಿಸಿ.

ನೋಡಿ, ಕಟ್ಟೋದಕ್ಕೆ ಸಲಹಾ ಸಂಸ್ಥೆ, ಎಲ್ಲೆ ಹಾಕೋದಕ್ಕೆ ವಿದ್ವಾಂಸರು. ಒಬ್ಬರ ಕೈಯಲ್ಲೇ ಎರಡೂ ಕೊಡಲಿಲ್ಲ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು

ಇಲ್ಲಿಂದ ಮುಂದೆ ನಾನು ಜನರಿಗೆ ಹೇಳುವ ಪಟ್ಟಿ. ಬರೆದಿಟ್ಟುಕೊಳ್ಳಿ.

1. ತೀರ್ಮಾನದಿಂದ ಶುರು ಮಾಡಿ. "ಡ್ಯಾಶ್‌ಬೋರ್ಡ್ ಬೇಕು" ಅನ್ನಬೇಡಿ. "ಯಾವ ಸಾಲದ ಕಂತು ಮುಂದಿನ 90 ದಿನದಲ್ಲಿ ತಪ್ಪಬಹುದು ಅಂತ ತಿಂಗಳ ಮೊದಲ ವಾರ ಗೊತ್ತಾಗಬೇಕು, ಗೊತ್ತಾದರೆ ಶಾಖೆಯವರು ಫೋನ್ ಮಾಡ್ತಾರೆ" ಅನ್ನಿ. ಗೊತ್ತಾದ ಮೇಲೆ ಯಾರು ಏನು ಮಾಡ್ತಾರೆ ಅನ್ನೋದಕ್ಕೆ ಉತ್ತರ ಇಲ್ಲದಿದ್ದರೆ ಆ ಕೆಲಸ ಶುರು ಮಾಡಬೇಡಿ.

2. ನಿಮ್ಮ ಮಾಹಿತಿಯ ಮೇಲೆ ಸಣ್ಣ ಪರೀಕ್ಷೆ ಮಾಡಿಸಿ. ಅವರ ಡೆಮೊದಲ್ಲಿ ಮಾಹಿತಿ ಯಾವಾಗಲೂ ಚೊಕ್ಕವಾಗಿರತ್ತೆ. ಹೆಸರು, ನಂಬರು ಮರೆಮಾಡಿದ ನಿಮ್ಮ ಒಂದು ಶಾಖೆಯ ಹಳೆಯ ಮಾಹಿತಿ ಕೊಡಿ. ಅದರಲ್ಲಿ ಅವರು ಏನೇನು ತಪ್ಪು ಹುಡುಕಿದರು ಅನ್ನೋದರಿಂದಲೇ ಅವರ ಯೋಗ್ಯತೆ ಗೊತ್ತಾಗತ್ತೆ.

3. ಮಾತಾಡಲು ಬಂದವರೇ ಕೆಲಸ ಮಾಡ್ತಾರಾ ಕೇಳಿ. ಸಭೆಗೆ ಹಿರಿಯ ಪಾರ್ಟ್‌ನರ್ ಬರ್ತಾರೆ, ಕೆಲಸಕ್ಕೆ ಹೋದ ತಿಂಗಳು ಕಾಲೇಜು ಮುಗಿಸಿದ ಹುಡುಗರು ಬರ್ತಾರೆ. ಯಾರು, ವಾರಕ್ಕೆ ಎಷ್ಟು ದಿನ ಅಂತ ಒಪ್ಪಂದದಲ್ಲೇ ಬರೆಸಿ.

4. ಕೋಡ್, ದಾಖಲೆ, ವ್ಯಾಖ್ಯೆಗಳ ಪಟ್ಟಿ ಯಾರದು? ನಿಮ್ಮದಾಗಬೇಕು. ನಾನು ಕಂಡ ಒಂದು ಕಂಪನಿಯಲ್ಲಿ ಸಲಹೆಗಾರರು ಹೋದ ಆರು ತಿಂಗಳಿಗೆ ಯಾರಿಗೂ ವರದಿ ಬದಲಿಸಲು ಬರ್ತಿರಲಿಲ್ಲ. ಒಂದು ಕಾಲಂ ಸೇರಿಸಲು ಮತ್ತೆ ಅವರಿಗೇ ದುಡ್ಡು.

5. ನಿಮ್ಮ ಕಡೆಯಿಂದ ಇಬ್ಬರನ್ನ ಪೂರ್ತಿ ಬಿಡುವು ಕೊಟ್ಟು ಕೂರಿಸಿ. ಒಬ್ಬರು ವ್ಯವಹಾರ ಗೊತ್ತಿರುವವರು, ಒಬ್ಬರು ಡೇಟಾಬೇಸ್ ಗೊತ್ತಿರುವವರು. "ಮಿಕ್ಕ ಕೆಲಸದ ನಡುವೆ ಇದನ್ನೂ ನೋಡ್ಕೋ" ಅಂದರೆ ಆಗಲ್ಲ. ಕೊನೆಯ ಕಂತಿನ ದುಡ್ಡು ಕೊಡುವ ಮೊದಲು ಆ ಇಬ್ಬರು ಸಲಹೆಗಾರರ ಸಹಾಯ ಇಲ್ಲದೆ ಒಂದು ತಿಂಗಳ ವರದಿಯನ್ನ ಪೂರ್ತಿ ಓಡಿಸಿ ತೋರಿಸಲಿ.

6. ಜವಾಬ್ದಾರಿ ನಿಮ್ಮದೇ. ಇದು ನನ್ನ ಅಭಿಪ್ರಾಯ ಅಲ್ಲ, ನಿಯಮ. 2023ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಐಟಿ ಹೊರಗುತ್ತಿಗೆಯ ನಿರ್ದೇಶನ ಹೊರಡಿಸಿತು. ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿ. ಕೆಲಸ ಹೊರಗೆ ಕೊಟ್ಟರೂ ಗ್ರಾಹಕರಿಗೆ, ರಿಸರ್ವ್ ಬ್ಯಾಂಕಿಗೆ ಉತ್ತರ ಕೊಡಬೇಕಾದ್ದು ಬ್ಯಾಂಕೇ ಅಂತ ಅದು ಹೇಳಿತು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯೂ ಇದನ್ನೇ ಹೇಳತ್ತೆ. ನಿಮ್ಮ ಪರವಾಗಿ ಬೇರೆಯವರು ಮಾಹಿತಿ ಬಳಸಿದರೂ ಹೊಣೆ ನಿಮ್ಮದು. ಗ್ರಾಹಕರ ಪೂರ್ತಿ ಪಟ್ಟಿಯನ್ನ ಪೆನ್ ಡ್ರೈವಿನಲ್ಲಿ ಹಾಕಿ ಸಲಹೆಗಾರರ ಕೈಗೆ ಕೊಡುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ.

91 ಕೋಟಿ ಇಲ್ಲದವರು ಏನು ಮಾಡಬೇಕು?

ಹೆಚ್ಚಿನವರ ಹತ್ತಿರ ಇಲ್ಲ, ಬೇಕಾಗಿಯೂ ಇಲ್ಲ. ಸಣ್ಣ ಸಂಸ್ಥೆಗಳಿಗೆ ನಾನು ಹೇಳೋದು ಆರು ತಿಂಗಳ ಕೆಲಸ.

ಮೊದಲ ಎರಡು ತಿಂಗಳು ಪಟ್ಟಿ ಮಾಡಿ. ನಮ್ಮಲ್ಲಿ ಯಾವ ಯಾವ ಮಾಹಿತಿ ಎಲ್ಲೆಲ್ಲಿದೆ, ಯಾರು ತುಂಬ್ತಾರೆ, ಯಾವ ಎಕ್ಸೆಲ್ ಯಾರ ಕಂಪ್ಯೂಟರಿನಲ್ಲಿ ಮಾತ್ರ ಇದೆ. "ಗ್ರಾಹಕ", "ಬಾಕಿ", "ಮಾರಾಟ" ಇಂಥ ಹತ್ತು ಪದಗಳಿಗೆ ಎಲ್ಲ ವಿಭಾಗದವರೂ ಒಪ್ಪುವ ಒಂದೊಂದು ಸಾಲಿನ ವ್ಯಾಖ್ಯೆ ಬರೆಯಿರಿ. ಮುಂದಿನ ಎರಡು ತಿಂಗಳು ಮೂಲ ಸಿಸ್ಟಂಗೂ ವರದಿಗೂ ಹೋಲಿಕೆ ಮಾಡಿ, ವ್ಯತ್ಯಾಸ ಎಷ್ಟು ಅಂತ ಪ್ರತಿ ವಾರ ಗೋಡೆಗೆ ಅಂಟಿಸಿ. ಕೊನೆಯ ಎರಡು ತಿಂಗಳು ಒಂದೇ ಒಂದು ಪ್ರಶ್ನೆ ತಗೊಂಡು ಅದಕ್ಕೆ ಉತ್ತರ ಕಟ್ಟಿ. ಇದಿಷ್ಟಕ್ಕೆ ಒಬ್ಬ ಅನುಭವಿ ಸಲಹೆಗಾರ ತಿಂಗಳಿಗೆ ಎರಡು ದಿನ ಬಂದು ತಪ್ಪು ತಿದ್ದಿದರೆ ಸಾಕು.

ನಗರ ಸಹಕಾರಿ ಬ್ಯಾಂಕುಗಳಿಗೆ ಇನ್ನೊಂದು ದಾರಿ ತೆರೆದಿದೆ. 2024ರ ಮಾರ್ಚ್‌ನಲ್ಲಿ ಅವುಗಳ ಮೇಲು ಸಂಸ್ಥೆಯಾಗಿ ರಾಷ್ಟ್ರೀಯ ನಗರ ಸಹಕಾರಿ ಹಣಕಾಸು ಮತ್ತು ಅಭಿವೃದ್ಧಿ ನಿಗಮ ಉದ್ಘಾಟನೆಯಾಯಿತು. ತಂತ್ರಜ್ಞಾನವನ್ನ ಹಂಚಿಕೊಂಡು ಬಳಸೋದು ಅದರ ಉದ್ದೇಶಗಳಲ್ಲೊಂದು. ಒಂದೊಂದು ಬ್ಯಾಂಕೂ ಬೇರೆ ಬೇರೆ ಸಲಹೆಗಾರರಿಗೆ ದುಡ್ಡು ಸುರಿಯುವ ಬದಲು ಹತ್ತು ಬ್ಯಾಂಕು ಸೇರಿ ಒಬ್ಬರನ್ನ ಕರೆಸೋದು ಸಹಕಾರ ಅನ್ನುವ ಹೆಸರಿಗೂ ಒಪ್ಪತ್ತೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಡೇಟಾ ತಂಡ ಕಟ್ಟೋದನ್ನ ನಾವು ಕಂಪ್ಯೂಟರ್ ವಿಭಾಗದ ಖರ್ಚು ಅಂದುಕೊಳ್ತೀವಿ. 2019ರಲ್ಲಿ ಬ್ಯಾಂಕಿನ ಬಾಗಿಲ ಮುಂದೆ ಸಾಲು ನಿಂತವರಲ್ಲಿ ಯಾರೂ ಆ ಪಟ್ಟಿಯನ್ನ ನೋಡಿರಲಿಲ್ಲ, ನೋಡುವ ಅವಕಾಶವೂ ಅವರಿಗೆ ಇರಲಿಲ್ಲ. ಪಟ್ಟಿಯ ಒಂದೊಂದು ಸಾಲೂ ನಿಜವಾ ಅಂತ ಅವರ ಪರವಾಗಿ ನೋಡಬೇಕಾದವರು ನಮ್ಮಂಥವರು. ನಿಮ್ಮ ಕಚೇರಿಯಲ್ಲಿ ಸಲಹೆಗಾರರ ಮಾತು ಎದ್ದಿದ್ದರೆ, ಈ ವಾರ ಒಂದು ಕೆಲಸ ಮಾಡಿ. ಹೋದ ತಿಂಗಳ ಯಾವುದಾದರೂ ಒಂದು ವರದಿ ತಗೊಳ್ಳಿ, ಅದರಲ್ಲಿ ಒಂದು ಸಂಖ್ಯೆ ಆರಿಸಿ, ಅದು ಮೂಲ ಸಿಸ್ಟಂನಲ್ಲಿ ಎಲ್ಲಿಂದ ಬಂತು ಅಂತ ಹಿಂದೆ ಹಿಂದೆ ಹೋಗಿ ನೋಡಿ. ಎಷ್ಟು ಕೈ ದಾಟಿ ಬಂದಿದೆ ಅಂತ ಬರೆದಿಡಿ. ಸಲಹೆಗಾರರ ಮೊದಲ ಸಭೆಗೆ ಆ ಒಂದು ಹಾಳೆ ತಗೊಂಡು ಹೋಗಿ.

ಮುಂದಿನ ಮಾತಿನಲ್ಲಿ ಮೂಲ ಸಿಸ್ಟಂ ಮತ್ತು ವರದಿಯ ಹೋಲಿಕೆಯನ್ನ ಎಸ್‌ಕ್ಯೂಎಲ್‌ನಲ್ಲಿ ಹೇಗೆ ಬರೆಯೋದು ಅಂತ ತೋರಿಸ್ತೀನಿ.